ಭಾವನ ಕಾರು

ಹಳೆಯ ಕಾರು ಕೊಳ್ಳಲು ಹೋದಾಗ ಗಂಡಸರು ಏನೇನು ನೋಡುತ್ತಾರೆ ಎಂಬುದನ್ನು ಕಾರ್ಕಳದಲ್ಲಿ ಅಕ್ಕನ ಮನೆಯ ಅಂಗಳದಲ್ಲಿ ನಿಂತು ನಾನು ಕಣ್ಣಾರೆ ಕಂಡೆ. ಇವರು ನಾಲ್ಕೂ ಟಯರಿಗೆ ಒಂದೊಂದು ಒದೆ ಕೊಟ್ಟರು. ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿ ಎಳೆದು, ಬೆರಳಿಗೆ ಮೆತ್ತಿಕೊಂಡು ತಿಕ್ಕಿ ನೋಡಿದರು. ಎಷ್ಟು ಕಿಲೋಮೀಟರು ಓಡಿದೆ ಎಂದು ಕನ್ನಡಕ ಹಣೆಗೇರಿಸಿ ಓದಿದರು. ಆಮೇಲೆ ಎಲ್ಲ ತಿಳಿದವರಂತೆ ತಲೆಯಾಡಿಸಿದರು. ಬಾಗಿಲು ತೆಗೆದು ಒಳಗೊಮ್ಮೆ ಮೂಗು ಹಾಕುವುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಕೂತವಳು ಕೂತಷ್ಟೇ ಬೇಗ ಎದ್ದು ಹೊರಗೆ ಬಂದೆ.

ಒಳಗೆ ಭಾವ ಇದ್ದರು.

ತಪ್ಪು ತಿಳಿಯಬೇಡಿ. ಭಾವ 2023ರ ನವೆಂಬರಿನಲ್ಲೇ ತೀರಿಕೊಂಡಿದ್ದರು. ನಾವು ಕಾರು ನೋಡಲು ಹೋದದ್ದು 2025ರ ಏಪ್ರಿಲಿನಲ್ಲಿ. ಒಂದೂವರೆ ವರ್ಷ ಟರ್ಪಾಲು ಹೊದ್ದು ನಿಂತಿದ್ದ ಕಾರಿನ ಬಾಗಿಲು ತೆಗೆದರೆ, ಈಗಷ್ಟೇ ಯಾರೋ ಸೇದಿ ಇಳಿದು ಹೋದರೇನೋ ಎಂಬ ಹಾಗೆ ಘಾಟು ಮುಖಕ್ಕೆ ಹೊಡೆಯಿತು. ಹೊಸ ಹೊಗೆಯ ವಾಸನೆ ಬೇರೆ, ಇದು ಬೇರೆ. ಇದು ಹಳಸಿದ ಹೊಗೆ. ನೆನೆದ ಬೂದಿಗೆ ಮುಗ್ಗಿದ ಹತ್ತಿ ಬೆರೆಸಿದ ಹಾಗೆ ಒಂದು ಕಮಟು.

ಅಕ್ಕ ಜಗಲಿಯ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. "ವಾಸನೆ ಬರ್ತದಾ?" ಎಂದಳು.

"ಸ್ವಲ್ಪ" ಎಂದೆ.

"ಸುಳ್ಳು ಹೇಳ್ಬೇಡ ಮಾರಾಯ್ತಿ. ಸತ್ತದ್ದು ನನ್ನ ಮೂಗು, ನಿನ್ನದಲ್ಲ."

ಅಕ್ಕನ ಮೂಗು ಯಾಕೆ ಸತ್ತಿತು ಎಂದು ಹೇಳದಿದ್ದರೆ ಈ ಕಾರಿನ ಕತೆ ನಿಮಗೆ ಅರ್ಥವಾಗುವುದಿಲ್ಲ.

ನಮ್ಮದು ಬೀಡಿಯ ಮನೆ. ನಮ್ಮ ಸೀಮೆಯಲ್ಲಿ ಹಾಗೆಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರು ಓದುತ್ತಿದ್ದರೆ ಇರಲಿ ಎಂದು ಬರೆಯುತ್ತೇನೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನಿಯಾರ್ಡರು ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ರಾತ್ರಿ ಎಲೆ ನೆನೆಸಿಡುವುದು. ಬೆಳಿಗ್ಗೆ ಅಳತೆಯ ತಗಡು ಇಟ್ಟು ಕತ್ತರಿಸುವುದು. ಮತ್ತೆ ಮಡಿಲಲ್ಲಿ ಗೆರಸೆ ಇಟ್ಟು ಕೂತರೆ ಕತ್ತಲಾಗುವವರೆಗೆ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುವುದು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲ ಎಂದು ಬದಿಗೆ ತಳ್ಳಿದ್ದು ಲೆಕ್ಕಕ್ಕಿಲ್ಲ. ಅಕ್ಕ ಏಳನೆಯ ಕ್ಲಾಸು ಮುಗಿಸಿ ಅಮ್ಮನ ಪಕ್ಕದಲ್ಲಿ ಇನ್ನೊಂದು ಗೆರಸೆ ಇಟ್ಟುಕೊಂಡು ಕೂತಳು. ನಾನು ಶಾಲೆಗೆ ಹೋದೆ. ಬೀಡಿ ಕಾರ್ಮಿಕರಿಗೆಂದು 1966ರಲ್ಲಿ ಒಂದು ಕಾನೂನು, 1976ರಲ್ಲಿ ಕಲ್ಯಾಣ ನಿಧಿಯ ಇನ್ನೊಂದು ಕಾನೂನು ಬಂದವು. ಅವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ಬಂತು. ಅದು ಬರುವ ಹೊತ್ತಿಗೆ ಅಕ್ಕ ಸ್ಲೇಟು ಕೆಳಗಿಟ್ಟು ವರ್ಷಗಳೇ ಆಗಿದ್ದವು. ನನ್ನ ಟಿ.ಸಿ.ಎಚ್. ಫೀಸು ಯಾರ ಬೆರಳಿನಿಂದ ಉದುರಿದ್ದು ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ನಾವು ಅದರ ಬಗ್ಗೆ ಮಾತಾಡಿದ್ದಿಲ್ಲ.

ಹೊಗೆಸೊಪ್ಪಿನ ವಾಸನೆ ಅವಳ ಕೂದಲಲ್ಲಿ, ಉಗುರಿನ ಸಂದಿನಲ್ಲಿ, ಉಣ್ಣುವ ಅನ್ನದಲ್ಲಿ ಎಲ್ಲ ಕಡೆ ಇತ್ತು. ಮದುವೆಯಾಗಿ ಕಾರ್ಕಳಕ್ಕೆ ಹೋದಾಗ ಅವಳು ಗಂಡನಿಗೆ ಹಾಕಿದ್ದು ಒಂದೇ ಶರತ್ತು. ಭಾವ ಗೇರುಬೀಜದ ಕಾರ್ಖಾನೆಯಲ್ಲಿ ರೈಟರು. ಮದುವೆಗೆ ಮೊದಲೇ ಸಿಗರೇಟಿನ ಅಭ್ಯಾಸ. "ನೀವು ಸೇದುವುದಾದರೆ ಸೇದಿ. ನಾನು ಬೇಡ ಎಂದರೆ ನೀವು ಕೇಳುವ ಜನ ಅಲ್ಲ. ಆದರೆ ಅದು ನನ್ನ ಹೊಸ್ತಿಲು ದಾಟಿ ಒಳಗೆ ಬರಬಾರದು. ಹೊಗೆಸೊಪ್ಪು ನನಗೆ ಈ ಜನ್ಮಕ್ಕಾಗುವಷ್ಟು ಆಗಿದೆ."

ಭಾವ ಒಪ್ಪಿದರು. ಒಪ್ಪಿದ್ದನ್ನು ಕೊನೆಯವರೆಗೆ ನಡೆಸಿದರು ಕೂಡ. ಮೊದಲು ಹಿತ್ತಿಲಲ್ಲಿ, ಹಲಸಿನ ಮರದ ಬುಡದಲ್ಲಿ. ಮಳೆಗಾಲಕ್ಕೆ ದನದ ಕೊಟ್ಟಿಗೆಯಲ್ಲಿ. 2013ರಲ್ಲಿ ಈ ವ್ಯಾಗನ್ ಆರ್ ಬಂದ ಮೇಲೆ ಕಾರೇ ಅವರ ಸಿಗರೇಟಿನ ಕೋಣೆಯಾಯಿತು. ರಾತ್ರಿ ಊಟವಾದ ಮೇಲೆ ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕೂತು, ಗಾಜು ಎರಡು ಬೆರಳಷ್ಟು ಇಳಿಸಿ, ಹಳೆಯ ಯಕ್ಷಗಾನದ ಕ್ಯಾಸೆಟ್ಟುಗಳಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡ ಪದ್ಯ ಕೇಳುತ್ತ ಸೇದುತ್ತಿದ್ದರು. ಹತ್ತು ವರ್ಷ. ದಿನಕ್ಕೆ ನಾಲ್ಕು ಎಂದು ಹಿಡಿದರೂ ಲೆಕ್ಕ ಹಾಕಿ ನೋಡಿ. ನಾನು ಮೇಷ್ಟ್ರಮ್ಮ, ಹಾಕಿದೆ. ಹದಿನಾಲ್ಕು ಸಾವಿರದ ಮೇಲೆ ಬಂತು.

ಅಕ್ಕನ ಮಗ ಮಸ್ಕತ್ತಿನಲ್ಲಿದ್ದಾನೆ. "ಯಾರಿಗಾದ್ರೂ ಕೊಟ್ಟುಬಿಡಮ್ಮ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದ. ಅವಳು ಹೊರಗಿನವರಿಗೆ ಕೊಡುವುದಿಲ್ಲ ಎಂದು ಕೂತಿದ್ದಳು. ನಮಗೂ ಒಂದು ಕಾರು ಬೇಕಿತ್ತು. ಒಂದು ಲಕ್ಷದ ನಲವತ್ತು ಸಾವಿರಕ್ಕೆ ಮಾತಾಯಿತು. ಇವರು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ನಾನು ಕಣ್ಣು ಬಿಟ್ಟೆ.

ಕಾರ್ಕಳದಿಂದ ನಿಟ್ಟೆ, ಬೆಳ್ಮಣ್ಣು, ಪಡುಬಿದ್ರಿ ದಾಟಿ ಕಾಪುವಿನವರೆಗೆ ನಾಲ್ಕೂ ಗಾಜು ಇಳಿಸಿಕೊಂಡು ಬಂದೆವು. ಏಪ್ರಿಲಿನ ಮಧ್ಯಾಹ್ನ. ಎ.ಸಿ. ಹಾಕಿದರೆ ವಾಸನೆ ಅದರ ಬಾಯಿಂದಲೇ ನುಗ್ಗುತ್ತಿತ್ತು. ಮನೆ ಮುಟ್ಟುವಾಗ ನನ್ನ ತಲೆಗೂದಲು ಕರಿಬೇವಿನ ಪೊದೆಯ ಹಾಗಾಗಿತ್ತು, ಸೀರೆಯಲ್ಲಿ ಭಾವನ ವಾಸನೆ. "ನಿನಗೆ ಮೂಗು ಜಾಸ್ತಿ" ಎಂದರು ಇವರು. ಮೂವತ್ತೈದು ವರ್ಷಗಳಿಂದ ಕೇಳಿದ ಮಾತು. ಹಾಲು ಒಡೆಯುವ ಮೊದಲೇ ಹೇಳಿದರೂ ಇದೇ ಮಾತು, ಗ್ಯಾಸು ಸೋರಿದಾಗಲೂ ಇದೇ.

ಕಾರು ಯಾಕೆ ಅಷ್ಟು ಅವಸರದಲ್ಲಿ ಬೇಕಾಯಿತೆಂದರೆ ಮಗಳು ಚೊಚ್ಚಲ ಬಸುರಿ. ಬೆಂಗಳೂರಿನಿಂದ ಬಾಣಂತನಕ್ಕೆ ಕಾಪುವಿಗೆ ಬಂದಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸುವುದು, ಜೂನಿನ ಮಧ್ಯಕ್ಕೆ ದಿನ. ನಮ್ಮ ಅಮ್ಮಂದಿರ ಕಾಲದಲ್ಲಿ ಸೂಲಗಿತ್ತಿ ಮನೆಗೆ ಬರುತ್ತಿದ್ದಳು. 1953ರಲ್ಲಿ ಟಿ.ಎಂ.ಎ. ಪೈಗಳು ಆ ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ ನಮ್ಮ ಕಡೆಯ ಕಷ್ಟದ ಹೆರಿಗೆಗಳೆಲ್ಲ ಗುಡ್ಡ ಹತ್ತತೊಡಗಿದವು. ಈಗ ಸುಖದ ಹೆರಿಗೆಗಳೂ ಹತ್ತುತ್ತವೆ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ರಿಕ್ಷಾ ಹುಡುಕುವುದು ಬೇಡ ಎಂದು ಕಾರು.

ಮಗಳು ಕಾರಿನ ಬಾಗಿಲು ತೆಗೆದಳು, ಮುಚ್ಚಿದಳು. "ಅಮ್ಮಾ, ಇದರಲ್ಲಿ ಮಗೂನ ತರೋದಾ?" ಎಂದಳು.

ಮೊದಲು ನಾವು ಮಾಡಿದ್ದೆಲ್ಲ ದಡ್ಡತನ. ಇವರು ಪೇಟೆಯಿಂದ ನಿಂಬೆಹಣ್ಣಿನ ಆಕಾರದ ಒಂದು ಸುಗಂಧದ ಬಿಲ್ಲೆ ತಂದು ಕನ್ನಡಿಗೆ ನೇತು ಹಾಕಿದರು. ಅದು ಸಾಲದೆಂದು ಉಡುಪಿಯ ಒಂದು ಕಡೆ ತೊಳೆಯಲು ಕೊಟ್ಟರು. ಅಲ್ಲಿನ ಹುಡುಗರು ಹೊರಮೈ ಫಳಫಳ ಮಾಡಿ, ಒಳಗೆ ಏನೋ ಪೂಸಿ, ಸಾವಿರದ ಇನ್ನೂರು ತೆಗೆದುಕೊಂಡರು. ಎರಡು ದಿನ ಸೋಪಿನಂಗಡಿಯ ಹಾಗೆ ಘಮಘಮ. ಮೂರನೆಯ ದಿನ ಭಾವ ವಾಪಸು. ಆಗ ನಾನು ನನ್ನ ಬುದ್ಧಿ ಉಪಯೋಗಿಸಿದೆ. ಕಾಪುವಿನವಳಿಗೆ ಘಮ ಎಂದರೆ ಇನ್ನೇನು, ಶಂಕರಪುರ ಮಲ್ಲಿಗೆ. ಒಂದು ಚೆಂಡು ತಂದು ಹಿಂದಿನ ಸೀಟಿನ ಮೇಲೆ ಇಟ್ಟು ಬಾಗಿಲು ಮುಚ್ಚಿದೆ. ಬೆಳಿಗ್ಗೆ ತೆಗೆದರೆ ಏನು ಹೇಳಲಿ! ಬಾಡಿದ ಮಲ್ಲಿಗೆ, ಹಳೆಯ ಹೊಗೆ, ಸೀಟಿನ ಬೆವರು. ಬೆಳಗಿನ ಜಾವ ಆಟ ಮುಗಿಯುವ ಹೊತ್ತಿಗೆ ಮೇಳದ ಚೌಕಿಗೆ ಇಣುಕಿದವರಿಗೆ ಆ ವಾಸನೆ ಗೊತ್ತಿರುತ್ತದೆ. ಕಾರು ಅಲ್ಲ, ಚೌಕಿ. ಭಾವನಿಗೆ ಖುಷಿಯಾಗಿರಬೇಕು.

ವಾಸನೆಯನ್ನು ವಾಸನೆಯಿಂದ ಹೊಡೆಯಲಾಗುವುದಿಲ್ಲ ಎಂಬ ಸತ್ಯ ನನಗೆ ಆವತ್ತು ತಿಳಿಯಿತು. ಹೊಗೆಯೆಂದರೆ ಗಾಳಿ, ಗಾಜು ಇಳಿಸಿದರೆ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹೋಗುವುದು ಗಾಳಿಯಲ್ಲಿದ್ದದ್ದು ಮಾತ್ರ. ಟಾರು ಮತ್ತು ನಿಕೋಟಿನ್ ಅಂಟು ಪದಾರ್ಥ. ಸೀಟಿನ ಬಟ್ಟೆ, ಅದರೊಳಗಿನ ಸ್ಪಂಜು, ಬೆಲ್ಟು, ಗಾಜು ಎಲ್ಲದಕ್ಕೂ ಪದರ ಪದರವಾಗಿ ಹತ್ತಿಕೊಳ್ಳುತ್ತವೆ. ಬಿಸಿಲಿಗೆ ಕಾರು ಕಾದಾಗ ಅಲ್ಲಿಂದ ಮತ್ತೆ ಸ್ವಲ್ಪ ಸ್ವಲ್ಪವೇ ಗಾಳಿಗೆ ಬಿಡುತ್ತವೆ. ಒಲೆಯ ಮೇಲಿನ ಅಟ್ಟದ ಜಂತಿಗೆ ಹಿಡಿದ ಜಿಡ್ಡುಮಸಿ ನೆನಪು ಮಾಡಿಕೊಳ್ಳಿ. ಅದಕ್ಕೆ ಊದುಬತ್ತಿ ಹಚ್ಚಿದರೆ ಹೋಗುತ್ತದೆಯೇ?

ಮಗಳು ಔಷಧ ತಯಾರಿಸುವ ಕಡೆ ಕೆಲಸದಲ್ಲಿರುವವಳು, ಓದಿ ಓದಿ ನನಗೆ ಹೇಳುತ್ತಿದ್ದಳು. ಸೇದುವವನ ಹೊಗೆ ಒಂದು. ಪಕ್ಕದಲ್ಲಿ ಕೂತವರು ಕುಡಿಯುವ ಹೊಗೆ ಎರಡು. ಅದನ್ನು ಸೆಕೆಂಡ್ ಹ್ಯಾಂಡ್ ಎನ್ನುತ್ತಾರೆ. ಎಲ್ಲರೂ ಎದ್ದು ಹೋದ ಮೇಲೆ ಬಟ್ಟೆಬರೆಯಲ್ಲಿ, ಗೋಡೆಯಲ್ಲಿ ಉಳಿದದ್ದು ಥರ್ಡ್ ಹ್ಯಾಂಡ್. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ತಮ್ಮ ಪತ್ರಿಕೆಯಲ್ಲಿ ಬರೆದ ಮೇಲೆ ಆ ಹೆಸರು ಎಲ್ಲರ ಬಾಯಿಗೆ ಬಿತ್ತಂತೆ. ಅದಕ್ಕೆ ಹಿಂದಿನ ವರ್ಷವೇ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಮಾರಾಟಕ್ಕಿದ್ದ ಹಳೆಯ ಕಾರುಗಳನ್ನೇ ಪರೀಕ್ಷೆ ಮಾಡಿ, ಸೇದುವವರ ಕಾರಿನ ಧೂಳಿನಲ್ಲಿ, ಗಾಳಿಯಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ನಿಕೋಟಿನ್ ಹೆಚ್ಚಾಗಿ ಉಳಿದಿರುವುದನ್ನು ತೋರಿಸಿದ್ದರು. 2010ರಲ್ಲಿ ಬರ್ಕ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಗೆ ಉಳಿದ ನಿಕೋಟಿನ್ ಗಾಳಿಯಲ್ಲಿನ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರುವಂಥ ಹೊಸ ವಸ್ತುಗಳಾಗುತ್ತವೆ ಎಂದು ಕಂಡುಕೊಂಡರು. ಅದರಿಂದ ಯಾರಿಗೆ ಎಷ್ಟು ಕೆಡುಕು ಎಂದು ಇನ್ನೂ ಅಳೆಯುತ್ತಲೇ ಇದ್ದಾರೆ. ಆದರೆ ಮಕ್ಕಳ ವಿಷಯದಲ್ಲಿ ಮಣಿಪಾಲದ ಡಾಕ್ಟರಮ್ಮ ಅಳೆಯುವವರೆಗೆ ಕಾಯಬೇಡಿ ಎಂದರು. ಮಗು ನಮಗಿಂತ ಬೇಗ ಬೇಗ ಉಸಿರಾಡುತ್ತದೆ, ಮುಟ್ಟಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

"ಅಂತೂ ಕಾರು ಸೆಕೆಂಡ್ ಹ್ಯಾಂಡ್, ಹೊಗೆ ಥರ್ಡ್ ಹ್ಯಾಂಡ್" ಎಂದರು ಇವರು. ತಮಾಷೆ ಚೆನ್ನಾಗಿತ್ತು, ನಾನು ನಗಲಿಲ್ಲ. ಅಮ್ಮ, ಅಕ್ಕ ಒಂದು ದಿನವೂ ಸೇದಿದವರಲ್ಲ. ಅವರದ್ದು ಎಷ್ಟನೆಯ ಹ್ಯಾಂಡ್ ಎಂದು ಯಾರೂ ಹೆಸರಿಟ್ಟಿಲ್ಲ.

ನಮ್ಮ ಕಾಲದ ಸರ್ವಿಸ್ ಬಸ್ಸುಗಳನ್ನು ನೆನೆಸಿದರೆ ನಗು ಬರುತ್ತದೆ. 'ಧೂಮಪಾನ ನಿಷೇಧಿಸಲಾಗಿದೆ' ಎಂದು ಕೆಂಪು ಅಕ್ಷರದಲ್ಲಿ ಬರೆದ ಹಲಗೆಯ ಅಡಿಯಲ್ಲೇ ಕೂತು ಸೇದುವವರಿದ್ದರು. ಬಸುರಿಯಾಗಿದ್ದಾಗ ನಾನು ಕಾಪುವಿನಿಂದ ಉಡುಪಿಯವರೆಗೆ ಸೆರಗು ಮೂಗಿಗೆ ಒತ್ತಿಕೊಂಡೇ ಹೋಗುತ್ತಿದ್ದೆ. ಸೇದಬೇಡಿ ಎನ್ನುವ ಧೈರ್ಯ ನನಗಿರಲಿಲ್ಲ. 2003ರಲ್ಲಿ ಕಾನೂನು ಬಂದು, 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಜಾಗಗಳಲ್ಲಿ ಬಿಗಿಯಾದ ಮೇಲೆ ಬಸ್ಸು ಸ್ವಚ್ಛವಾಯಿತು. ಸ್ವಂತ ಕಾರಿನೊಳಗೆ ಯಾವ ಕಾನೂನು ಬರುತ್ತದೆ?

ಮೇ ತಿಂಗಳ ಮೊದಲ ಭಾನುವಾರ ನಾನು ಸೆರಗು ಸಿಕ್ಕಿಸಿದೆ.

ಮೊದಲು ಬೂದಿಯ ಡಬ್ಬಿ ಎಸೆದೆ. ಕಾಲೊರಸುಗಳನ್ನು ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ ತಿಕ್ಕಿದೆ. ಸೀಟಿನ ಕವರು ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿದರೆ ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಮೂರು ಸಲ ನೀರು ಬದಲಿಸಬೇಕಾಯಿತು. ಸೀಟಿನ ಸಂದಿನಲ್ಲಿ ಕೈ ಹಾಕಿದಾಗ ಸಿಕ್ಕಿದ್ದು: ಒಂದು ಲೈಟರು, ಅಕ್ಕನ ಒಂದು ತಲೆಪಿನ್ನು, ಮತ್ತೆ ಸಣ್ಣ ಡಬ್ಬಿಯಲ್ಲಿ ಏಲಕ್ಕಿ. ಅಕ್ಕನಿಗೆ ಫೋನು ಮಾಡಿದೆ.

"ಏಲಕ್ಕಿಯಾ?" ಎಂದಳು. "ಅವರಿಗೆ ಏಲಕ್ಕಿ ಆಗ್ತಿರ್ಲಿಲ್ಲ. ಪಾಯಸದಲ್ಲಿ ಸಿಕ್ಕಿದ್ರೆ ಆರಿಸಿ ಬದಿಗಿಡ್ತಿದ್ರು." ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಲೈನು ಹೋಯಿತೆಂದು ನಾನು ಎರಡು ಸಲ ಹಲೋ ಎಂದೆ. "ಬಾಯಿಯ ವಾಸನೆಗೆ ಇರ್ಬೇಕು" ಎಂದು ಹೇಳಿ ಫೋನು ಇಟ್ಟಳು.

ಸೀಟಿನ ಮೇಲೆ ಅಡುಗೆ ಸೋಡ ಉದುರಿಸಿ, ಮೆತ್ತಗಿನ ಬ್ರಶ್ಶಿನಿಂದ ಬಟ್ಟೆಯೊಳಗೆ ಇಳಿಯುವಂತೆ ಉಜ್ಜಿ, ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಪಕ್ಕದ ಮನೆಯವರ ಧೂಳು ಎಳೆಯುವ ಮಿಶಿನು ತಂದು ಎಳೆದೆ. ಹೀಗೆ ಮೂರು ಸಲ. ಗಾಜು, ಸ್ಟಿಯರಿಂಗು, ಡ್ಯಾಶ್‌ಬೋರ್ಡು, ಬಾಗಿಲಿನ ಒಳಬದಿಗೆ ವಿನೆಗರ್. ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು, ಅದರಲ್ಲಿ ಬೈರಾಸು ಅದ್ದಿ ಹಿಂಡಿ ಒರೆಸುವುದು. ಮೊದಲು ಕಾಣದ ಮೂಲೆಯಲ್ಲಿ ಒರೆಸಿ ಬಣ್ಣ ಹೋಗುವುದಿಲ್ಲವಲ್ಲ ಎಂದು ನೋಡಿಕೊಳ್ಳಬೇಕು. ಇದರ ಒಳಗುಟ್ಟು ಮಗಳು ಹೇಳಿದಳು: ನಿಕೋಟಿನ್ ಕ್ಷಾರ ಗುಣದ್ದು, ಹುಳಿ ಮುಟ್ಟಿದರೆ ನೀರಿನಲ್ಲಿ ಕರಗುವ ಉಪ್ಪಾಗಿ ಬಟ್ಟೆಗೆ ಬಂದುಬಿಡುತ್ತದೆ. ಸಾಬೂನಿಗೆ ಬಗ್ಗದ್ದು ಹುಳಿಗೆ ಬಗ್ಗುತ್ತದೆ. ತಾಮ್ರದ ಕೊಡ ಹುಣಸೆಹುಳಿಯಿಂದ ತಿಕ್ಕಿದವರಿಗೆ ಇದೇನು ಹೊಸದಲ್ಲ. ಗಾಜು ನೋಡಲು ಸ್ವಚ್ಛವಾಗಿಯೇ ಇತ್ತು. ಒರೆಸಿದ ಬಿಳಿ ಬೈರಾಸು ಅರಸಿನ ಹಚ್ಚಿದ ಹಾಗೆ ಹಳದಿಯಾಯಿತು. ಇವರಿಗೆ ತೋರಿಸಿದೆ. "ಹೌದಲ್ಲ!" ಎಂದರು. ಆ ದಿನದಿಂದ ನನ್ನ ಮೂಗಿನ ಸುದ್ದಿಗೆ ಬರಲಿಲ್ಲ, ಒಂದು ಬಕೆಟ್ ತಾವೇ ಹಿಡಿದರು.

ಸೀಟಿನ ಬೆಲ್ಟು ಯಾರಿಗೂ ನೆನಪಾಗುವುದಿಲ್ಲ. ಅದನ್ನು ಕೊನೆಯವರೆಗೆ ಎಳೆದು, ಒಳಗೆ ಓಡಿಹೋಗದಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಬಕೆಟ್ಟಿನಲ್ಲಿ ಅದ್ದಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಬಿಡಬೇಕು. ಭಾವನ ಎದೆಯ ಮೇಲೆ ಹತ್ತು ವರ್ಷ ಕೂತ ಪಟ್ಟಿ ಅದು.

ಮತ್ತೆ ಬಿಸಿಲು. ಮೇ ತಿಂಗಳ ಬಿಸಿಲಿಗೆ ನಾವು ಹಪ್ಪಳ, ಸಂಡಿಗೆ, ಹಲಸಿನ ಮಾಂಬಳ ಒಣಗಿಸುತ್ತೇವೆ. ಆ ವರ್ಷ ಕಾರು ಒಣಗಿಸಿದೆವು. ಒಂದು ಗಂಟೆ ಗಾಜು ಮುಚ್ಚಿ ಕಾಯಲು ಬಿಡುವುದು, ಆಮೇಲೆ ನಾಲ್ಕೂ ಬಾಗಿಲು, ಹಿಂದಿನ ಬಾಗಿಲು ಎಲ್ಲ ತೆರೆದಿಡುವುದು. ಒಳಗಿನ ಬಿಸಿಗೆ ಬೆವರಿದ ಘಾಟು ಕಡಲ ಗಾಳಿಗೆ ಹೋಗಬೇಕು. ಪಕ್ಕದ ಮನೆಯ ಹೇಂಟೆ ಹಿಂದಿನ ಸೀಟು ಹತ್ತಿ ಮೊಟ್ಟೆಯಿಡಲು ನೋಡಿತು. ರಾತ್ರಿ ನಾಲ್ಕು ಅಗಲದ ತಟ್ಟೆಯಲ್ಲಿ ಗೆರಟೆಯ ಇದ್ದಿಲು ಪುಡಿ ಮಾಡಿ ಸೀಟಿನಡಿ ಇಟ್ಟೆ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು, ವಾಸನೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇನ್ನಷ್ಟು ಹದಮಾಡಿದ ಇದ್ದಿಲಿನಷ್ಟು ಶಕ್ತಿ ನಮ್ಮ ಒಲೆಯ ಇದ್ದಿಲಿಗಿಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ, ಖರ್ಚೂ ಇಲ್ಲ.

ಮೇ ಇಪ್ಪತ್ತರ ಹೊತ್ತಿಗೆ ವಾಸನೆ ಇಲ್ಲ. ಮಗಳು ಕೂತು ನೋಡಿ ಪಾಸು ಎಂದಳು. ನಾನು ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡೆ. ಆ ವರ್ಷ ಮಳೆ ಮೇ ಕೊನೆಯ ವಾರಕ್ಕೇ ಇಳಿಯಿತು. ಮೂರು ದಿನ ಜಡಿ. ನಾಲ್ಕನೆಯ ದಿನ ಮಣಿಪಾಲಕ್ಕೆ ಹೊರಡಲು ಬಾಗಿಲು ತೆಗೆದರೆ—ಭಾವ!

ನಾನು ಅಂಗಳದಲ್ಲೇ ಕೂತುಬಿಟ್ಟೆ. ಅಳು ಬಂತು ಎಂದರೆ ನೀವು ನಗುತ್ತೀರಿ. ನಿಜವಾಗಿ ಬಂತು. ಮಗಳಿಗೆ ಇನ್ನು ಮೂರೇ ವಾರ.

ಕಟಪಾಡಿಯ ಒಬ್ಬ ಮೆಕ್ಯಾನಿಕ್ ಹುಡುಗ ಬಂದು ನೋಡಿದ. ಅವನು ಮಾತಾಡುವುದು ಕಡಿಮೆ. ಒಳಗೆ ಕೂತು ಮೇಲೆ ನೋಡಿ, "ಅಮ್ಮ, ಇದು ಒರೆಸಿದ್ದೀರಾ?" ಎಂದ. ಮಾಡಿನ ಒಳಬಟ್ಟೆ! ಹೊಗೆ ಮೇಲೆ ಹೋಗುತ್ತದೆ ಎಂದು ಮೂರನೆಯ ಕ್ಲಾಸಿನ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಕೆಳಗೆಲ್ಲ ತಿಕ್ಕಿ ಮೇಲೆ ಒಮ್ಮೆ ಕಣ್ಣೆತ್ತಿರಲಿಲ್ಲ. ಒಣ ಹವೆಯಲ್ಲಿ ಸುಮ್ಮನಿದ್ದದ್ದು ತೇವ ತಾಗಿದ ಕೂಡಲೇ ಎದ್ದಿತ್ತು. ಆ ಬಟ್ಟೆಯನ್ನು ನೀರು ಹೊಯ್ದು ತೊಳೆಯಲಿಕ್ಕಿಲ್ಲ, ಅಂಟು ಬಿಟ್ಟು ಜೋತು ಬೀಳುತ್ತದೆ. ಸಾಬೂನಿನ ನೊರೆ ಮಾತ್ರ ಬಟ್ಟೆಯಲ್ಲಿ ತೆಗೆದುಕೊಂಡು, ಅಂಗೈಯಗಲ ಅಂಗೈಯಗಲವಾಗಿ ಒತ್ತಿ ಒತ್ತಿ ತೆಗೆಯಬೇಕು. ಆಮೇಲೆ ಅವನು ಎಡಬದಿಯ ಮುಂದಿನ ಡ್ರಾವರು ಕಳಚಿ, ಅದರ ಹಿಂದಿನಿಂದ ಎ.ಸಿ.ಯ ಒಂದು ಜಾಳಿಗೆಯಂಥ ಫಿಲ್ಟರು ಎಳೆದು ತೆಗೆದ. ಕರ್ರಗೆ, ಸುಟ್ಟ ದೋಸೆಯ ಹಾಗಿತ್ತು. ಹತ್ತು ವರ್ಷ ಒಳಗಿನ ಗಾಳಿಯೇ ತಿರುಗಿ ತಿರುಗಿ ಅದರಲ್ಲಿ ಹಾದು ಹೋಗಿದೆ. ಹೊಸದು ಹಾಕಿ, ಒಳಗಿನ ತಂಪಿನ ಕೊಳವೆಗಳಿಗೂ ನೊರೆಯ ಔಷಧಿ ಹೊಡೆದ. ಓಜೋನ್ ಮಿಶಿನು ಇಡುವವರಿದ್ದಾರೆ ಎಂದೂ ಹೇಳಿದ. ಓಜೋನ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಇಟ್ಟರೆ ಯಾರೂ ಒಳಗಿರಬಾರದು, ಆಮೇಲೆ ಚೆನ್ನಾಗಿ ಗಾಳಿಯಾಡಿಸಬೇಕು. ಕೂಸಿಗಾಗಿ ಒಂದು ವಿಷ ತೆಗೆಯಲು ಇನ್ನೊಂದು ತರುವುದು ಬೇಡ ಎಂದೆ.

ಮಾಡಿನ ಬಟ್ಟೆ ಒತ್ತಲು ನನಗೆ ಎರಡು ದಿನ ಹಿಡಿಯಿತು. ಕತ್ತು ನೋವಿಗೆ ನಾರಾಯಣ ತೈಲ. ಚಾಲಕನ ಸೀಟಿನ ನೇರ ಮೇಲೆ ಒಂದು ಗೆರಸೆಯಗಲ ಕಂದು ವೃತ್ತ ಇತ್ತು. ಅದು ಪೂರ್ತಿ ಹೋಗಲಿಲ್ಲ, ಬಣ್ಣ ಉಳಿಯಿತು, ವಾಸನೆ ಹೋಯಿತು. ಮತ್ತೆ ಎಂಟು ದಿನ ಮಳೆ ಹೊಡೆದರೂ ತಿರುಗಿ ಬರಲಿಲ್ಲ.

ಜೂನ್ ಹದಿನಾಲ್ಕಕ್ಕೆ ಮೊಮ್ಮಗಳು ಹುಟ್ಟಿದಳು. ಮೂರನೆಯ ದಿನ ಮಣಿಪಾಲದ ಗುಡ್ಡ ಇಳಿದು, ಉಡುಪಿ, ಉದ್ಯಾವರ ದಾಟಿ, ಮಳೆಯಲ್ಲಿ ಗಾಜು ಮುಚ್ಚಿಕೊಂಡೇ ಕಾಪುವಿಗೆ ಬಂದಳು. ದಾರಿಯುದ್ದಕ್ಕೂ ನಿದ್ದೆ. ಕಾರಿನಲ್ಲಿ ಇದ್ದದ್ದು ಹಾಲಿನ ವಾಸನೆ ಮಾತ್ರ.

ತೊಟ್ಟಿಲು ಹಾಕುವ ದಿನಕ್ಕೆ ಬರಲು ಅಕ್ಕ ಒಲ್ಲೆ ಎಂದಳು. ಕಾರಣ ಅವಳು ಹೇಳಲಿಲ್ಲ. ನಿಮಗೂ ನಾನು ಹೇಳಬೇಕಾಗಿಲ್ಲ. "ನೀನು ಬಾರದೆ ತೊಟ್ಟಿಲು ತೂಗುವುದಿಲ್ಲ" ಎಂದು ಮಗಳೇ ಫೋನಿನಲ್ಲಿ ಹಟ ಹಿಡಿದಳು. ಹಿಂದಿನ ದಿನ ನಾವಿಬ್ಬರೂ ಕಾರ್ಕಳಕ್ಕೆ ಹೋಗಿ ಅವಳನ್ನು ಹೊರಡಿಸಿದೆವು. ನಾನು ಹಿಂದೆ ಕೂತು ಅವಳನ್ನು ಮುಂದೆ ಕೂರಿಸಿದೆ. ಈ ಕಾರಿನಲ್ಲಿ ಅವಳ ಜಾಗ ಅದೇ.

ನಿಟ್ಟೆಯವರೆಗೆ ಮಾತಾಡಲಿಲ್ಲ. ಆಮೇಲೆ ಮುಂದೆ ನೋಡುತ್ತಲೇ, "ರಾತ್ರಿ ಪಾತ್ರೆ ತೊಳೆಯುವಾಗ ಅಡುಗೆಮನೆ ಕಿಟಕಿಯಿಂದ ಕಾಣ್ತಿತ್ತು. ಕತ್ತಲಲ್ಲಿ ಒಂದು ಕೆಂಪು ಚುಕ್ಕಿ. ಹತ್ತು ವರ್ಷ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನಾನು ಹೊಸ್ತಿಲಿನ ಮಾತು ಎತ್ತದೇ ಇದ್ದಿದ್ರೆ ಒಳಗೇ ಕೂತಿರ್ತಿದ್ರೋ ಏನೋ" ಎಂದಳು.

"ಒಳಗೆ ಕೂತಿದ್ರೆ ಮನೆಯೆಲ್ಲ ಈ ಕಾರಿನ ಹಾಗೆ ಆಗ್ತಿತ್ತು" ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು.

"ಆಗ್ತಿತ್ತು" ಎಂದಳು.

ಬೆಳ್ಮಣ್ಣಿನಲ್ಲಿ ಇವರು ಕಾರು ನಿಲ್ಲಿಸಿ ಬಾಳೆಹಣ್ಣು ತರಲು ಇಳಿದರು. ಅಕ್ಕ ಸೀಟಿನ ಬಟ್ಟೆ ಮುಟ್ಟಿ ನೋಡಿದಳು, ಬೆಲ್ಟಿನ ಪಟ್ಟಿ ಮುಟ್ಟಿ ನೋಡಿದಳು, ಕಣ್ಣೆತ್ತಿ ಮಾಡಿನ ಕಂದು ವೃತ್ತ ನೋಡಿದಳು. ಆಮೇಲೆ ಮುಂದಿನ ಡ್ರಾವರು ತೆರೆದಳು. ಕಾರಿನ ಕಾಗದಗಳನ್ನು ತೆಗೆದು ಮಡಿಲಲ್ಲಿಟ್ಟು ಒಳಗೆ ಕೈಯಾಡಿಸಿದಳು.

"ಇಲ್ಲಿ ಒರೆಸಿದ್ದೀಯಾ?"

ಮೆಕ್ಯಾನಿಕ್ ಹುಡುಗ ಅದನ್ನು ಕಳಚಿದ್ದ, ತಿರುಗಿ ಸಿಕ್ಕಿಸಿದ್ದ. ಒಳಗೆ ಒರೆಸಲು ನನಗೆ ನೆನಪಾಗಿ ಇರಲಿಲ್ಲ. "ಇಲ್ಲ ಅಕ್ಕ, ಮರೆತುಹೋಯಿತು" ಎಂದೆ.

ಅವಳು ಬಗ್ಗಿ ಆ ಡ್ರಾವರಿನ ಬಾಯಿಗೆ ಮುಖವಿಟ್ಟಳು. ನಾನು ಕಿಟಕಿಯ ಹೊರಗೆ ಮಳೆ ನೋಡಿದೆ. ಇವರು ಕೊಡೆ ಮಡಚಿ ಬಾಗಿಲು ತೆಗೆಯುವ ಹೊತ್ತಿಗೆ ಕಾಗದಗಳನ್ನು ಒಳಗಿಟ್ಟು ಮುಚ್ಚಿದ್ದಳು.

"ತೊಟ್ಟಿಲಿನ ಗಲಾಟೆ ಎಲ್ಲ ಮುಗಿಯಲಿ" ಎಂದಳು. "ಆಮೇಲೆ ಅದನ್ನೂ ಒರೆಸಿಬಿಡು. ಮಗು ಕೂರುವ ಕಾರು."